ಶಾಟ್‌ಕಟ್: ಎಕ್ಸ್‌ಪೋರ್ಟ್ ಕೈಕೊಟ್ಟಾಗ ಬಾಯಿ ಬಿಡುವ ಎಡಿಟರ್

ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರ್‌ಗಳ ವಿಮರ್ಶೆ ಓದಿದರೆ ಎಲ್ಲರೂ ಮಾತಾಡುವುದು ಅವೇ ನಾಲ್ಕು ಸಂಗತಿ. ಟ್ರಾನ್ಸಿಷನ್ ಎಷ್ಟಿವೆ, ಟೈಟಲ್ ಎಷ್ಟು ಚೆಂದ, ಹಸಿರು ಪರದೆ ತೆಗೆಯಲು ಬರುತ್ತದಾ, ಎಐ ಇದೆಯಾ. ಕತ್ತರಿಸಿ ಜೋಡಿಸಿದ್ದನ್ನು ಒಂದೇ ವಿಡಿಯೊ ಫೈಲ್ ಮಾಡಲು ಕೊನೆಗೆ ಒತ್ತುವ ಎಕ್ಸ್‌ಪೋರ್ಟ್ ಬಟನ್ ಬಗ್ಗೆ ಯಾರೂ ಬರೆಯುವುದಿಲ್ಲ. ಅದು ಕೆಲಸ ಮಾಡೇ ಮಾಡುತ್ತದೆ ಅಂತ ಎಲ್ಲರ ನಂಬಿಕೆ. ಮಾಡಲಿಲ್ಲ ಅಂದರೆ ಅಷ್ಟು ಹೊತ್ತು ಕತ್ತರಿಸಿ ಅಂಟಿಸಿದ್ದೆಲ್ಲ ದಂಡ, ಅಲ್ವಾ?

ಅದಕ್ಕೇ ಶಾಟ್‌ಕಟ್ ಅನ್ನು ನಾನು ಅಳೆಯುತ್ತಿರುವುದು ಆ ಒಂದು ಬಟನ್ನಿನಿಂದ. ಮೊದಲೇ ಹೇಳಿಬಿಡುತ್ತೇನೆ, ನೋಡೋಕೆ ಇದು ಅಂಥಾ ಚೆಂದದ ಸಾಫ್ಟ್‌ವೇರ್ ಏನಲ್ಲ. ಎಕ್ಸ್‌ಪೋರ್ಟ್ ಇದರಲ್ಲಿ ನಿಲ್ಲುವುದೇ ಇಲ್ಲ ಅಂತಲೂ ಅಲ್ಲ, ಯಾವ ಎಡಿಟರ್‌ನಲ್ಲಾದರೂ ಅದು ನಿಲ್ಲಬಹುದು. ಆದರೆ ಇಲ್ಲಿ ನಿಂತರೆ ಯಾಕೆ ನಿಂತಿತು ಅಂತ ತಿಳಿಯುವ ದಾರಿ ಇದೆ. ಮನೆಯಲ್ಲಿ ಕೂತು ಎಡಿಟ್ ಮಾಡುವವರಿಗೆ ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಗುಣ ಬೇರೆ ಇಲ್ಲ.

ಇದಕ್ಕೆ ಮುಂಚೆ ದುಡ್ಡು ಕೊಟ್ಟು ತಗೊಂಡ ಒಂದು ಎಡಿಟರ್ ಬಳಸುತ್ತಿದ್ದೆ. ಹೆಸರು ಬೇಡ. ಬಣ್ಣ ಬಣ್ಣದ ಪರದೆ, ಸಾವಿರಾರು ಸ್ಟಿಕ್ಕರ್. ಎಕ್ಸ್‌ಪೋರ್ಟ್ ಒತ್ತಿದರೆ ದುಂಡಗಿನ ಚಕ್ರ ಒಂದು ತಿರುಗುತ್ತಾ ತಿರುಗುತ್ತಾ 99ಕ್ಕೆ ಬಂದು ನಿಲ್ಲುತ್ತಿತ್ತು. ಆಮೇಲೆ ಒಂದು ಚಿಕ್ಕ ಪೆಟ್ಟಿಗೆ: ಏನೋ ತಪ್ಪಾಗಿದೆ, ಮತ್ತೊಮ್ಮೆ ಪ್ರಯತ್ನಿಸಿ. ಅದರ ಕೆಳಗೆ ಓಕೆ ಬಟನ್. ಏನು ತಪ್ಪಾಗಿದೆ ಮಾರಾಯ ಅಂತ ಕೇಳೋಕೆ ಅಲ್ಲಿ ಜಾಗವೇ ಇಲ್ಲ. ಸಹಾಯ ಕೇಂದ್ರಕ್ಕೆ ಬರೆದರೆ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿ, ಡ್ರೈವರ್ ಅಪ್‌ಡೇಟ್ ಮಾಡಿ, ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿ ಅನ್ನುವ ಅದೇ ಸಿದ್ಧ ಉತ್ತರ. ಅವರನ್ನು ಬೈದೂ ಪ್ರಯೋಜನವಿಲ್ಲ, ಅವರ ಸಾಫ್ಟ್‌ವೇರ್ ಅವರಿಗೂ ಏನೂ ಹೇಳುತ್ತಿರಲಿಲ್ಲ ಅನಿಸುತ್ತದೆ.

ಶಾಟ್‌ಕಟ್ ಪರಿಚಯ ಚುಟುಕಾಗಿ. ಇದು ಉಚಿತ, ಓಪನ್ ಸೋರ್ಸ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ವಾಟರ್‌ಮಾರ್ಕ್ ಹಾಕುವುದಿಲ್ಲ, ಇಂತಿಷ್ಟೇ ನಿಮಿಷ ಅನ್ನುವ ಮಿತಿ ಇಲ್ಲ, ಎಕ್ಸ್‌ಪೋರ್ಟ್ ಹೊತ್ತಿಗೆ ಸರಿಯಾಗಿ ಎದ್ದು ಬಂದು ಚಂದಾ ಕೇಳುವ ಪರದೆಯೂ ಇಲ್ಲ. ಒಳಗೆ ಕೆಲಸ ಮಾಡುವ ಇಂಜಿನ್ ಎಂಎಲ್‌ಟಿ, ಫೈಲ್ ಓದಿ ಬರೆಯುವುದು ಎಫ್‌ಎಫ್‌ಎಂಪೆಗ್. ಮುಖ್ಯ ಡೆವಲಪರ್ ಡ್ಯಾನ್ ಡೆನೆಡಿ, ಎಂಎಲ್‌ಟಿಯನ್ನು ಹುಟ್ಟುಹಾಕಿದವರಲ್ಲೂ ಇವರೊಬ್ಬರು. ಕೇಡೆನ್‌ಲೈವ್ ಅನ್ನುವ ಇನ್ನೊಂದು ಎಡಿಟರ್ ಕೂಡ ಇದೇ ಎಂಎಲ್‌ಟಿ ಮೇಲೆ ನಿಂತಿರುವುದರಿಂದ ಕೆಳಗೆ ಬರೆದದ್ದರಲ್ಲಿ ತುಂಬಾ ಅದಕ್ಕೂ ಹೊಂದುತ್ತದೆ. ವರ್ಷನ್ ಸಂಖ್ಯೆ ದಿನಾಂಕದ ಹಾಗೆ ಇರುತ್ತದೆ, 24.01.28 ಅಂದರೆ 2024ರ ಜನವರಿ 28ರದ್ದು. ನಿಮ್ಮಲ್ಲಿರುವುದು ಎಷ್ಟು ಹಳೆಯದು ಅಂತ ಹುಡುಕುವ ಗೋಜೇ ಇಲ್ಲ.

ಕಂಪ್ಯೂಟರ್ ಹೇಗಿರಬೇಕು ಅಂತ ಕೇಳಿದರೆ ಅವರೇ ಕೊಡುವ ಲೆಕ್ಕ ಹೀಗೆ: ಹಳೇ ಎಸ್‌ಡಿ ವಿಡಿಯೊಗೆ ಕನಿಷ್ಠ 4 ಜಿಬಿ ರ್‍ಯಾಮ್, ಎಚ್‌ಡಿಗೆ 8, 4ಕೆಗೆ 16. ಇದನ್ನು ಸುಮ್ನೆ ಓದಿ ಮುಂದೆ ಹೋಗಬೇಡಿ. ಎಕ್ಸ್‌ಪೋರ್ಟ್ ಅರ್ಧದಲ್ಲಿ ಸಾಯುವುದಕ್ಕೆ ರ್‍ಯಾಮ್ ಸಾಲದಿರುವುದು ಒಂದು ದೊಡ್ಡ ಕಾರಣ, ಅದರಲ್ಲೂ ಫೋಟೊ ಜಾಸ್ತಿ ಹಾಕುವವರಿಗೆ. 12 ಮೆಗಾಪಿಕ್ಸೆಲ್ ಫೋಟೊ ಡಿಸ್ಕಿನಲ್ಲಿ 4 ಎಂಬಿ ಇರಬಹುದು, ಆದರೆ ಮೆಮೊರಿಯಲ್ಲಿ ಬಿಚ್ಚಿಕೊಂಡಾಗ ಒಂದೊಂದು ಪಿಕ್ಸೆಲ್‌ಗೆ 4 ಬೈಟ್ ಅಂತ 48 ಎಂಬಿ ಆಗುತ್ತದೆ. 1080 ವಿಡಿಯೊದ ಒಂದು ಫ್ರೇಮ್‌ನಲ್ಲಿ ಇರುವುದೇ ಸುಮಾರು 2 ಮೆಗಾಪಿಕ್ಸೆಲ್. ಮೊದಲೇ ಫೋಟೊಗಳನ್ನು ಚಿಕ್ಕದು ಮಾಡಿ ತಂದರೆ ಏನೂ ನಷ್ಟವಿಲ್ಲ, ಜೂಮ್ ಮಾಡುವ ಫೋಟೊ ಮಾತ್ರ ದೊಡ್ಡದಿರಲಿ.

ಇನ್ನು ಎಕ್ಸ್‌ಪೋರ್ಟ್ ಪ್ಯಾನೆಲ್. ಮೊದಲ ಸಲ ತೆರೆದರೆ ಎಡಕ್ಕೆ ಉದ್ದಾನುದ್ದ ಪ್ರಿಸೆಟ್‌ಗಳ (ಸಿದ್ಧ ಸೆಟ್ಟಿಂಗ್‌ಗಳ) ಪಟ್ಟಿ, ಅರ್ಧಕ್ಕೆ ಮೇಲೆ ನಿಮಗೆ ಯಾವತ್ತೂ ಬೇಕಾಗದವು. ಗಾಬರಿ ಬೇಡ. ಏನೂ ಆರಿಸದೆ ಬಿಟ್ಟರೂ ಚಿತ್ರ ಎಚ್.264ರಲ್ಲಿ, ಧ್ವನಿ ಎಎಸಿಯಲ್ಲಿ ಕುಗ್ಗಿಸಿದ ಎಂಪಿ4 ಫೈಲ್ ಬರುತ್ತದೆ, ಅದು ಎಲ್ಲಿ ಬೇಕಾದರೂ ಓಡುತ್ತದೆ. ಎಚ್.264 ಬಂದಿದ್ದು 2003ರಲ್ಲಿ. ಹಳೇದು ಅಂತ ಕೆಲವರು ಮೂಗು ಮುರಿಯುತ್ತಾರೆ, ಆದರೆ ಕಳಿಸಿದ ವಿಡಿಯೊ ಎದುರಿನವರ ಹಳೇ ಟಿವಿಯಲ್ಲೂ ತೆರೆದುಕೊಳ್ಳಬೇಕು ಅಂದರೆ ಇವತ್ತಿಗೂ ಅದೇ ಗತಿ.

ಈ ಪ್ಯಾನೆಲ್‌ನಲ್ಲಿ ಹೊಸಬರ ಕಾಲಿಗೆ ತೊಡರುವುದು ಯಾವುದನ್ನು ಎಕ್ಸ್‌ಪೋರ್ಟ್ ಮಾಡಬೇಕು ಅಂತ ಕೇಳುವ, ಮೇಲಿರುವ ಫ್ರಮ್ ಅನ್ನುವ ಒಂದು ಸಾಲು. ಟೈಮ್‌ಲೈನ್ (ನೀವು ಕ್ಲಿಪ್‌ಗಳನ್ನು ಜೋಡಿಸಿದ ಪಟ್ಟಿ) ಅಂತಲೂ ಇಡಬಹುದು, ಸೋರ್ಸ್ ಅಂತಲೂ ಇಡಬಹುದು. ಸೋರ್ಸ್ ಅಂತ ಇದ್ದರೆ ನೀವು ಕಟ್ಟಿದ್ದೆಲ್ಲ ಬಿಟ್ಟು ಆಗ ಪ್ಲೇಯರ್‌ನಲ್ಲಿ ತೆರೆದಿದ್ದ ಒಂದೇ ಕ್ಲಿಪ್ ಹೊರಗೆ ಬರುತ್ತದೆ. ನಾನು ಇಷ್ಟೆಲ್ಲ ಎಡಿಟ್ ಮಾಡಿದ್ದು ಎಲ್ಲಿ ಹೋಯಿತು ಅಂತ ಜನ ತಲೆ ಕೆಡಿಸಿಕೊಳ್ಳುವುದು ಇಲ್ಲೇ. ಇದನ್ನು ಇನ್ನೊಂದಿಷ್ಟು ಎದ್ದು ಕಾಣುವ ಹಾಗೆ ಇಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತೋ.

ಸೇವ್‌ಗೂ ಎಕ್ಸ್‌ಪೋರ್ಟ್‌ಗೂ ಇರುವ ಗೊಂದಲ ಶಾಟ್‌ಕಟ್‌ದು ಮಾತ್ರ ಅಲ್ಲ, ಎಲ್ಲ ಎಡಿಟರ್‌ಗಳದ್ದೂ. ಸೇವ್ ಒತ್ತಿದರೆ ಸಿಗುವುದು ಎಂಎಲ್‌ಟಿ ಫೈಲ್. ಅದು ಕೆಲವು ಕೆಬಿಯ ಬರಹ ಅಷ್ಟೇ, ಯಾವ ಕ್ಲಿಪ್ ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕು ಅನ್ನುವ ಟಿಪ್ಪಣಿ. ಅದರಲ್ಲಿ ಒಂದು ಫ್ರೇಮ್ ಕೂಡ ವಿಡಿಯೊ ಇರುವುದಿಲ್ಲ. ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋದರೆ ಅಲ್ಲಿ ಏನೂ ಓಡುವುದಿಲ್ಲ. ಮೂಲ ಕ್ಲಿಪ್‌ಗಳನ್ನು ಬೇರೆ ಫೋಲ್ಡರ್‌ಗೆ ಸಾಗಿಸಿದರೂ ಕಷ್ಟ. ಹಾಗೆ ಕಳೆದುಹೋದ ಫೈಲ್‌ಗಳನ್ನು ಶಾಟ್‌ಕಟ್ ಪಟ್ಟಿ ಮಾಡಿ ತೋರಿಸಿ, ಹೊಸ ಜಾಗ ತೋರಿಸಿ ಅನ್ನುತ್ತದೆ, ಅಷ್ಟು ಮರ್ಯಾದೆ ಇದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಜಾಬ್ಸ್ ಪ್ಯಾನೆಲ್. ಎಕ್ಸ್‌ಪೋರ್ಟ್ ಒತ್ತಿದ ಕೂಡಲೇ ಪರದೆ ಬಂದ್ ಆಗುವುದಿಲ್ಲ. ಬಲಕ್ಕೆ ಒಂದು ಸಾಲು ಬರುತ್ತದೆ, ಫೈಲ್ ಹೆಸರು, ಶೇಕಡಾ, ಇನ್ನೆಷ್ಟು ಹೊತ್ತು ಅನ್ನುವ ಅಂದಾಜು. ಆ ಕೆಲಸ ಹಿಂದೆ ಪ್ರತ್ಯೇಕವಾಗಿ ನಡೆಯುತ್ತದೆ, ನೀವು ಮುಂದೆ ಎಡಿಟ್ ಮಾಡುತ್ತಾ ಇರಬಹುದು. ಎಕ್ಸ್‌ಪೋರ್ಟ್ ಶುರುವಾದ ಮೇಲೆ ಟೈಮ್‌ಲೈನ್ ಬದಲಿಸಿದರೂ ಹೊರಗೆ ಬರುವ ವಿಡಿಯೊ ಬದಲಾಗುವುದಿಲ್ಲ. ಎರಡು ಮೂರು ಜಾಬ್ ಸಾಲಾಗಿ ನಿಲ್ಲಿಸಿ ಮಲಗಲೂಬಹುದು.

ಜಾಬ್ ಮಧ್ಯದಲ್ಲಿ ಕೆಟ್ಟು ಬಿದ್ದರೆ ಆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ವ್ಯೂ ಲಾಗ್ ಒತ್ತಿ. ಅಷ್ಟೇ. ಒಂದು ಕಿಟಕಿ ತೆರೆದು ನಡೆದದ್ದೆಲ್ಲ ಸಾಲು ಸಾಲಾಗಿ ಕಾಣುತ್ತದೆ. ಇಂಗ್ಲಿಷ್, ಅದೂ ಯಂತ್ರದ ಇಂಗ್ಲಿಷ್. ಮೊದಲ ಸಲ ನೋಡಿದರೆ ತಲೆ ಗಿರ್ ಅನ್ನುತ್ತದೆ. ಆದರೆ ಪೂರ್ತಿ ಓದಬೇಕಾಗಿಲ್ಲ. ಕೊನೆಗೆ ಹೋಗಿ ಅಲ್ಲಿಂದ ಮೇಲಕ್ಕೆ ಓದಿ, ನಿಜವಾದ ಕಾರಣ ಸಾಮಾನ್ಯವಾಗಿ ಕೊನೆಯ ಹತ್ತಿಪ್ಪತ್ತು ಸಾಲಿನಲ್ಲೇ ಇರುತ್ತದೆ. ಮಧ್ಯೆ ಡೆಪ್ರಿಕೇಟೆಡ್ ಪಿಕ್ಸೆಲ್ ಫಾರ್ಮ್ಯಾಟ್ ಯೂಸ್ಡ್ ಅಂತ ಏನೋ ಕಂಡರೆ ಹೆದರಬೇಡಿ. ಅದು ಎಫ್‌ಎಫ್‌ಎಂಪೆಗ್‌ನ ಗೊಣಗಾಟ, ಸರಿಯಾಗಿ ಮುಗಿದ ಎಕ್ಸ್‌ಪೋರ್ಟ್‌ನ ಲಾಗ್‌ನಲ್ಲೂ ಇರುತ್ತದೆ.

ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್ ಅಂತ ಇದ್ದರೆ ಡಿಸ್ಕ್ ತುಂಬಿದೆ. ಪರ್ಮಿಷನ್ ಡಿನೈಡ್ ಅಂತ ಇದ್ದರೆ ಆ ಫೋಲ್ಡರ್‌ನಲ್ಲಿ ಬರೆಯಲು ಬಿಡುತ್ತಿಲ್ಲ. ವಿಂಡೋಸ್‌ನಲ್ಲಿ ಇದಕ್ಕೊಂದು ವಿಚಿತ್ರ ಕಾರಣ ಇದೆ. ರ್‍ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ತಡೆಯಲು ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಅನ್ನುವ ರಕ್ಷಣೆ ವಿಂಡೋಸ್ 10ರಿಂದ ಇದೆ, ಅದನ್ನು ಆನ್ ಮಾಡಿದ್ದರೆ ಡಾಕ್ಯುಮೆಂಟ್ಸ್, ವಿಡಿಯೋಸ್ ಫೋಲ್ಡರ್‌ಗಳಲ್ಲಿ ತನಗೆ ಪರಿಚಯವಿಲ್ಲದ ಪ್ರೋಗ್ರಾಮ್ ಏನೂ ಬರೆಯದ ಹಾಗೆ ಅಡ್ಡ ಹಾಕುತ್ತದೆ. ಜನ ಎಕ್ಸ್‌ಪೋರ್ಟ್ ಮಾಡುವುದು ಎಲ್ಲಿಗೆ? ವಿಡಿಯೋಸ್ ಫೋಲ್ಡರ್‌ಗೇ. ಎಡಿಟರ್ ಹಾಳಾಗಿದೆ ಅಂತ ತಿಳಿದು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುತ್ತಾ ಕೂತರೆ ಇಡೀ ದಿನ ಹೋದರೂ ಸರಿಯಾಗುವುದಿಲ್ಲ. ಬೇರೆ ಡ್ರೈವ್‌ನಲ್ಲಿ ಹೊಸ ಫೋಲ್ಡರ್ ಮಾಡಿ ಅಲ್ಲಿಗೆ ಎಕ್ಸ್‌ಪೋರ್ಟ್ ಮಾಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಸಾಲು ಎನ್‌ವಿಡಿಯಾ ಕಾರ್ಡ್ ಇರುವವರಿಗೆ ಚೆನ್ನಾಗಿ ಗೊತ್ತು: ಡ್ರೈವರ್ ಡಸ್ ನಾಟ್ ಸಪೋರ್ಟ್ ದ ರಿಕ್ವೈರ್ಡ್ ಎನ್‌ವಿಇಎನ್‌ಸಿ ಎಪಿಐ ವರ್ಷನ್. ಸಾಫ್ಟ್‌ವೇರ್ ಹೊಸದು, ಡ್ರೈವರ್ ಹಳೇದು, ಎರಡಕ್ಕೂ ಮಾತು ಹೊಂದುತ್ತಿಲ್ಲ. ಡ್ರೈವರ್ ಅಪ್‌ಡೇಟ್ ಮಾಡಿ ಅನ್ನುವ ಸಲಹೆ ಇಲ್ಲಿ ಮಾತ್ರ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಮಾಡಲಾಗದಿದ್ದರೆ ಯೂಸ್ ಹಾರ್ಡ್‌ವೇರ್ ಎನ್‌ಕೋಡರ್ ಅನ್ನುವ ಟಿಕ್ ತೆಗೆದುಬಿಡಿ, ಎಕ್ಸ್‌ಪೋರ್ಟ್ ನಿಧಾನ ಆಗುತ್ತದೆ, ಆದರೆ ಆಗುತ್ತದೆ.

ಈ ಟಿಕ್ ಬಗ್ಗೆ ನನ್ನದು ಸ್ವಲ್ಪ ಖಾರದ ಅಭಿಪ್ರಾಯ. ಹಾರ್ಡ್‌ವೇರ್ ಎನ್‌ಕೋಡರ್ ಅಂದರೆ ಎನ್‌ವಿಡಿಯಾ, ಇಂಟೆಲ್, ಎಎಂಡಿ, ಆಪಲ್ ಚಿಪ್‌ಗಳ ಒಳಗೇ ಇರುವ ವಿಡಿಯೊ ಕಂಪ್ರೆಸ್ ಮಾಡುವ ಭಾಗ. ವೇಗವಾಗಿರುತ್ತದೆ, ನಿಜ. ಆದರೆ ಶಾಟ್‌ಕಟ್‌ನಲ್ಲಿ ಆ ಭಾಗಕ್ಕೆ ಹೋಗುವುದು ಕೊನೆಯ ಕಂಪ್ರೆಷನ್ ಕೆಲಸ ಅಷ್ಟೇ. ಬಣ್ಣ ತಿದ್ದುವುದು, ಬ್ಲರ್, ಟೆಕ್ಸ್ಟ್ ಎಲ್ಲವನ್ನೂ ಸಾಮಾನ್ಯವಾಗಿ ಸಿಪಿಯುವೇ ಮಾಡಬೇಕು. ಹಾಗಾಗಿ ಫಿಲ್ಟರ್ ತುಂಬಿದ ಟೈಮ್‌ಲೈನ್‌ಗೆ ಟಿಕ್ ಹಾಕಿದರೂ ನೀವು ಎಣಿಸಿದಷ್ಟು ವೇಗ ಬರುವುದಿಲ್ಲ, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದ್ದೂ ಹೀಗಾ ಅಂತ ಬೇಜಾರು ಮಾಡಿಕೊಳ್ಳುತ್ತೀರಿ. ಅದೇ ಬಿಟ್‌ರೇಟ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟೇ ಡೇಟಾ ಇಟ್ಟು ಹೋಲಿಸಿದರೆ ನಿಧಾನದ ಸಾಫ್ಟ್‌ವೇರ್ ಎನ್‌ಕೋಡರ್ ಕೊಡುವ ಚಿತ್ರ ಸಾಮಾನ್ಯವಾಗಿ ಒಂದು ಕೈ ಮೇಲು. ದಿನಾ ಒಂದು ವಿಡಿಯೊ ಹಾಕುವವರಿಗೆ ವೇಗ ಬೇಕು, ಸರಿ. ಮನೆಯವರ ನೆನಪಿಗೆ ಒಂದೇ ಸಲ ಮಾಡಿ ಇಡುವ ವಿಡಿಯೊಗೆ ಅಷ್ಟು ಅವಸರ ಯಾಕೆ, ರಾತ್ರಿ ಹಚ್ಚಿ ಮಲಗಿ. ಎಕ್ಸ್‌ಪೋರ್ಟ್‌ನಲ್ಲಿ ಹಸಿರು ಪಟ್ಟೆ, ಕಪ್ಪು ಫ್ರೇಮ್, ಚೌಕ ಚೌಕ ಒಡೆದ ಚಿತ್ರ ಬಂದರೂ ನಾನು ಮೊದಲು ತೆಗೆಯುವುದು ಇದೇ ಟಿಕ್. ಆಮೇಲೆ ಅಡ್ವಾನ್ಸ್ಡ್ ಒಳಗೆ ವಿಡಿಯೊ ಟ್ಯಾಬ್‌ನಲ್ಲಿರುವ ಪ್ಯಾರಲಲ್ ಪ್ರೊಸೆಸಿಂಗ್ ಟಿಕ್. ಕೆಲವು ಫಿಲ್ಟರ್‌ಗಳಿಗೆ ಅದು ಆಗಿಬರುವುದಿಲ್ಲ.

ಪ್ರತಿ ಸಲ ಒಂದೇ ಶೇಕಡಾಕ್ಕೆ ಬಂದು ಬೀಳುತ್ತಿದ್ದರೆ? ಇದು ನನಗೆ ತುಂಬಾ ಇಷ್ಟದ ತೊಂದರೆ, ಯಾಕೆಂದರೆ ಉತ್ತರ ಅದರೊಳಗೇ ಇದೆ. ಬೇರೆ ಬೇರೆ ಕಡೆ ಬಿದ್ದರೆ ಮೆಮೊರಿ, ಬಿಸಿ, ಡ್ರೈವರ್ ಅಂತ ಅನುಮಾನ ಪಡಬೇಕು. ಒಂದೇ ಕಡೆ ಬಿದ್ದರೆ ಟೈಮ್‌ಲೈನ್‌ನಲ್ಲಿ ಆ ಜಾಗದಲ್ಲಿರುವುದೇ ಏನೋ ಕೆಟ್ಟಿದೆ. ಶಾಟ್‌ಕಟ್ ತೋರಿಸುವ ಶೇಕಡಾ ಫ್ರೇಮ್ ಲೆಕ್ಕದ್ದು, ಹಾಗಾಗಿ ಅದನ್ನು ಸಮಯಕ್ಕೆ ಬದಲಿಸಬಹುದು. 20 ನಿಮಿಷದ ವಿಡಿಯೊ 63ಕ್ಕೆ ನಿಲ್ಲುತ್ತಿದೆ ಅಂದುಕೊಳ್ಳಿ. 1200 ಸೆಕೆಂಡಿನ ಶೇಕಡಾ 63 ಅಂದರೆ 756 ಸೆಕೆಂಡ್, 12 ನಿಮಿಷ 36 ಸೆಕೆಂಡ್. ಪ್ಲೇಹೆಡ್ (ಟೈಮ್‌ಲೈನ್ ಮೇಲೆ ಓಡುವ ಗೆರೆ) ಅಲ್ಲಿಗೆ ತಗೊಂಡು ಹೋಗಿ, ಸ್ವಲ್ಪ ಹಿಂದೆ ಮುಂದೆ ನೋಡಿ. ಹೆಚ್ಚಾಗಿ ಅಲ್ಲೊಂದು ಕ್ಲಿಪ್ ಶುರುವಾಗುತ್ತಿರುತ್ತದೆ, ಅಥವಾ ಭಾರದ ಫಿಲ್ಟರ್ ಒಂದು ಕೂತಿರುತ್ತದೆ, ಇಲ್ಲವೇ ಎಲ್ಲಿಂದಲೋ ಇಳಿಸಿಕೊಂಡ ಅರೆಬರೆ ಫೈಲ್ ಇರುತ್ತದೆ.

ಪೂರ್ತಿ ಎಕ್ಸ್‌ಪೋರ್ಟ್ ಮತ್ತೆ ಓಡಿಸಬೇಡಿ. ಅಲ್ಲೊಂದು ಮಾರ್ಕರ್ (ಗುರುತು) ಹಾಕಿ, ಎಂ ಕೀ ಒತ್ತಿದರೆ ಸಾಕು, ಅದನ್ನು ಒಂದರ್ಧ ನಿಮಿಷದಷ್ಟು ಉದ್ದ ಮಾಡಿ. ಆಗ ಫ್ರಮ್ ಪಟ್ಟಿಯಲ್ಲಿ ಆ ಮಾರ್ಕರ್ ಹೆಸರೂ ಬರುತ್ತದೆ, ಅಷ್ಟೇ ತುಂಡು ಎಕ್ಸ್‌ಪೋರ್ಟ್ ಮಾಡಬಹುದು. ತುಂಡೂ ಬಿತ್ತಾ, ಕಳ್ಳ ಸಿಕ್ಕ. ಫಿಲ್ಟರ್‌ಗಳ ಟಿಕ್ ಒಂದೊಂದಾಗಿ ತೆಗೆಯುತ್ತಾ ಹೋಗಿ. ಎಲ್ಲ ತೆಗೆದರೂ ಬಿದ್ದರೆ ಕ್ಲಿಪ್ ಹಾಳು, ಅದನ್ನು ಬದಲಿಸಿ ಅಥವಾ ಕನ್ವರ್ಟ್ ಮಾಡಿ. ಇದು ಶಾಟ್‌ಕಟ್‌ನ ವಿಶೇಷವೇನಲ್ಲ, ಯಾವ ಎಡಿಟರ್‌ನಲ್ಲೂ ಅರ್ಧ ಅರ್ಧ ಮಾಡಿ ಹುಡುಕಬಹುದು. ಇಲ್ಲಿ ಮಾರ್ಕರ್ ಇರುವುದರಿಂದ ಬೇಗ ಆಗುತ್ತದೆ ಅಷ್ಟೇ. ಅಂದಹಾಗೆ ಎಕ್ಸ್‌ಪೋರ್ಟ್ ಮಧ್ಯೆ ಕಂಪ್ಯೂಟರೇ ದಪ್ಪನೆ ಆಫ್ ಆದರೆ ಎಡಿಟರ್ ಅನ್ನು ಬೈಯಬೇಡಿ. ಎಕ್ಸ್‌ಪೋರ್ಟ್ ಹೊತ್ತಿಗೆ ಸಿಪಿಯು ಪೂರ್ತಿ ದುಡಿಯುತ್ತದೆ, ಫ್ಯಾನ್ ತುಂಬಾ ಧೂಳು ಇದ್ದರೆ ಬಿಸಿ ತಡೆಯಲಾರದೆ ಯಂತ್ರ ತಾನೇ ಆಫ್ ಆಗುತ್ತದೆ.

ಆಫ್ ಆದಾಗ ಇನ್ನೊಂದು ಎಡವಟ್ಟು ಕಾದಿರುತ್ತದೆ. ಅರ್ಧ ಆದ ಎಂಪಿ4 ಫೋಲ್ಡರ್‌ನಲ್ಲಿ ಕಾಣುತ್ತದೆ, ಗಾತ್ರವೂ ಚೆನ್ನಾಗಿಯೇ ಇದೆ, ಆದರೆ ಯಾವ ಪ್ಲೇಯರ್‌ನಲ್ಲೂ ತೆರೆಯುವುದಿಲ್ಲ. ಎಫ್‌ಎಫ್‌ಎಂಪೆಗ್‌ಗೆ ಕೊಟ್ಟರೆ ಮೂವ್ ಆಟಮ್ ನಾಟ್ ಫೌಂಡ್ ಅನ್ನುತ್ತದೆ. ಯಾವ ಫ್ರೇಮ್ ಫೈಲಿನ ಎಲ್ಲಿದೆ ಅನ್ನುವ ಸೂಚಿಯನ್ನು ಎಂಪಿ4ನಲ್ಲಿ ಕೆಲಸ ಮುಗಿದ ಮೇಲೆ ಬರೆಯುತ್ತಾರೆ. ಮುಗಿಯಲೇ ಇಲ್ಲ ಅಂದರೆ ಸೂಚಿಯೂ ಇಲ್ಲ, ಪ್ಲೇಯರ್‌ಗೆ ದಿಕ್ಕೂ ಇಲ್ಲ. ತಾಸುಗಟ್ಟಲೆ ಓಡುವ ಎಕ್ಸ್‌ಪೋರ್ಟ್ ಆದರೆ, ಕರೆಂಟಿನ ಮೇಲೆ ನಂಬಿಕೆ ಇಲ್ಲದಿದ್ದರೆ, ಎಂಕೆವಿ ಅನ್ನುವ ಇನ್ನೊಂದು ಥರದ ಫೈಲ್‌ಗೆ ಎಕ್ಸ್‌ಪೋರ್ಟ್ ಮಾಡಿ. ಅರ್ಧಕ್ಕೆ ನಿಂತರೂ ಆಗಿದ್ದಷ್ಟು ಓಡುತ್ತದೆ. ಆಮೇಲೆ ಎಫ್‌ಎಫ್‌ಎಂಪೆಗ್‌ನಿಂದ ಮತ್ತೆ ಎನ್‌ಕೋಡ್ ಮಾಡದೆ ಸುಮ್ನೆ ಎಂಪಿ4 ಡಬ್ಬಿಗೆ ವರ್ಗಾಯಿಸಿಕೊಳ್ಳಬಹುದು, ಗುಣಮಟ್ಟ ಒಂಚೂರೂ ಇಳಿಯುವುದಿಲ್ಲ.

ಎಕ್ಸ್‌ಪೋರ್ಟ್ ಮುಗಿಯಿತು, ಓಡುತ್ತಲೂ ಇದೆ, ಆದರೆ ಬಾಯಿ ಒಂದು ಕಡೆ ಮಾತು ಒಂದು ಕಡೆ. ಮೊದಲ ನಿಮಿಷ ಸರಿ, ಹೋಗ್ತಾ ಹೋಗ್ತಾ ದೂರ ಆಗುತ್ತದೆ. ಫೋನ್‌ನಲ್ಲಿ ತೆಗೆದ ವಿಡಿಯೊಗಳಲ್ಲಿ ಇದು ಜಾಸ್ತಿ, ಕಾರಣ ವೇರಿಯಬಲ್ ಫ್ರೇಮ್ ರೇಟ್. ಫೋನ್ ಸೆಕೆಂಡಿಗೆ 30 ಫ್ರೇಮ್ ಅಂತ ಹೇಳಿಕೊಳ್ಳುತ್ತದೆ, ಆದರೆ ಬೆಳಕು ಕಮ್ಮಿ ಆದರೆ, ಕೆಲಸದ ಒತ್ತಡ ಹೆಚ್ಚಾದರೆ ಫ್ರೇಮ್ ಕಡಿಮೆ ಮಾಡುತ್ತದೆ. ಪ್ಲೇಯರ್‌ಗಳು ಇದನ್ನು ಸಹಿಸಿಕೊಳ್ಳುತ್ತವೆ. ಎಡಿಟರ್‌ಗೆ ಒಂದೇ ಹದದ ಫ್ರೇಮ್ ಬೇಕು, ಅಲ್ಲಿ ಲೆಕ್ಕ ತಪ್ಪುತ್ತದೆ. ಜನ ಎಕ್ಸ್‌ಪೋರ್ಟ್ ಸೆಟ್ಟಿಂಗ್‌ಗಳನ್ನು ತಿರುಗಿಸಿ ಮುರುಗಿಸಿ ಸುಸ್ತಾಗುತ್ತಾರೆ, ರೋಗ ಇರುವುದು ಕ್ಲಿಪ್ ಒಳಗೆ ಬಂದ ಬಾಗಿಲಲ್ಲಿ.

ಶಾಟ್‌ಕಟ್ ಇಲ್ಲಿ ನನ್ನ ಮನಸ್ಸು ಗೆದ್ದಿತು. ಅಂಥ ಕ್ಲಿಪ್ ತೆರೆದ ಕೂಡಲೇ ಇದು ವೇರಿಯಬಲ್ ಫ್ರೇಮ್ ರೇಟ್, ಎಡಿಟ್‌ಗೆ ಒಗ್ಗುವಂಥದ್ದಾಗಿ ಕನ್ವರ್ಟ್ ಮಾಡಲಾ ಅಂತ ತಾನೇ ಕೇಳುತ್ತದೆ. ಗುಡ್, ಬೆಟರ್, ಬೆಸ್ಟ್ ಅಂತ ಮೂರು ಹಂತ ಇದೆ. ಮೇಲೆ ಹೋದಷ್ಟೂ ಫೈಲ್ ದೊಡ್ಡದಾಗುತ್ತದೆ, ಬೆಸ್ಟ್ ಅಂದರೆ ಲಾಸ್‌ಲೆಸ್ (ಗುಣಮಟ್ಟ ಚೂರೂ ಇಳಿಯದ್ದು), ಅದರ ಗಾತ್ರ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಮನೆ ವಿಡಿಯೊಗೆ ಗುಡ್ ಸಾಕು. ಈ ಪೆಟ್ಟಿಗೆ ಬಂದಾಗ ಕಿರಿಕಿರಿ ಅಂತ ಮುಚ್ಚುವವರೇ ಜಾಸ್ತಿ, ದಯವಿಟ್ಟು ಮುಚ್ಚಬೇಡಿ. ಬೇರೆ ಎಡಿಟರ್ ಬಳಸುವವರು ಇದೇ ಕೆಲಸವನ್ನು ಹ್ಯಾಂಡ್‌ಬ್ರೇಕ್‌ನಲ್ಲಿ ಮಾಡಿಕೊಳ್ಳಬಹುದು, ಅದೂ ಉಚಿತ. ವಿಡಿಯೊ ಟ್ಯಾಬ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆರಿಸಿ, ಕನ್ವರ್ಟ್ ಆದದ್ದನ್ನು ಎಡಿಟರ್‌ಗೆ ತನ್ನಿ.

ಗಾತ್ರದ ತಕರಾರುಗಳು ಎರಡು ಥರ. ಫೈಲ್ 4 ಜಿಬಿ ಹತ್ತಿರ ಬಂದು ನಿಂತರೆ ಬೇರೇನೂ ಯೋಚಿಸಬೇಡಿ, ನೀವು ಬರೆಯುತ್ತಿರುವ ಪೆನ್‌ಡ್ರೈವ್ ಅಥವಾ ಕಾರ್ಡ್ ಫ್ಯಾಟ್32 ಫಾರ್ಮ್ಯಾಟ್‌ನದ್ದು. ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವ ಹಾಗಿಲ್ಲ, ಡ್ರೈವ್‌ನಲ್ಲಿ 60 ಜಿಬಿ ಖಾಲಿ ಇದ್ದರೂ ಅಷ್ಟೇ. ಕಂಪ್ಯೂಟರ್ ಒಳಗಿನ ಡಿಸ್ಕ್‌ಗೆ ಎಕ್ಸ್‌ಪೋರ್ಟ್ ಮಾಡಿ, ಪೆನ್‌ಡ್ರೈವ್ ಅನ್ನು ಎಕ್ಸ್‌ಫ್ಯಾಟ್‌ಗೆ ಬದಲಿಸಿ ಆಮೇಲೆ ಕಾಪಿ ಮಾಡಿ. ಫಾರ್ಮ್ಯಾಟ್ ಮಾಡಿದರೆ ಅದರಲ್ಲಿದ್ದದ್ದು ಹೋಗುತ್ತದೆ, ಮೊದಲೇ ತೆಗೆದಿಟ್ಟುಕೊಳ್ಳಿ.

ಇನ್ನೊಂದು, ಫೈಲ್ ವಿಪರೀತ ದೊಡ್ಡದಾಯಿತು ಅನ್ನುವುದು. ಗಾತ್ರ ನಿರ್ಧರಿಸುವುದು ಬಿಟ್‌ರೇಟ್ ಮತ್ತು ಸಮಯ, ಇವೆರಡೇ. ಸೆಕೆಂಡಿಗೆ 8 ಮೆಗಾಬಿಟ್ ಅಂದರೆ ನಿಮಿಷಕ್ಕೆ 60 ಎಂಬಿ, 16 ಆದರೆ 120 ಎಂಬಿ. 1080 ವಿಡಿಯೊ ಸೆಕೆಂಡಿಗೆ 30 ಫ್ರೇಮ್ ಇದ್ದರೆ ಯೂಟ್ಯೂಬ್ ಹೇಳುವುದೇ 8 ಮೆಗಾಬಿಟ್, 60 ಫ್ರೇಮ್ ಇದ್ದರೆ 12. ಅದಕ್ಕಿಂತ ನಾಲ್ಕು ಪಟ್ಟು ಇಟ್ಟು ಅಪ್‌ಲೋಡ್ ಆಗುತ್ತಿಲ್ಲ ಅಂತ ಕಾಯುವುದರಲ್ಲಿ ಅರ್ಥವಿಲ್ಲ. ಶಾಟ್‌ಕಟ್ ಮಾಮೂಲಾಗಿ ಬಿಟ್‌ರೇಟ್ ಬದಲು ಗುಣಮಟ್ಟವನ್ನು ಶೇಕಡಾದಲ್ಲಿ ಕೇಳುತ್ತದೆ, ಪಕ್ಕದಲ್ಲೇ ಅದಕ್ಕೆ ಸರಿಹೋಗುವ ಸಿಆರ್‌ಎಫ್ (ಎನ್‌ಕೋಡರ್‌ನ ಗುಣಮಟ್ಟದ ಅಳತೆ) ಸಂಖ್ಯೆ ತೋರಿಸುತ್ತದೆ. ಸಿಆರ್‌ಎಫ್ ಕಡಿಮೆ ಆದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. 6 ಇಳಿಸಿದರೆ ಗಾತ್ರ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. 100 ಪರ್ಸೆಂಟ್ ಗುಣಮಟ್ಟ ಬೇಕು ಅಂತ ಸ್ಲೈಡರ್ ಅನ್ನು ತುದಿಗೆ ಎಳೆದರೆ ಫೋನ್ ಕ್ಲಿಪ್‌ನಲ್ಲಿ ಇಲ್ಲದ ಸ್ಪಷ್ಟತೆ ಎಲ್ಲಿಂದಲೂ ಹುಟ್ಟಿ ಬರುವುದಿಲ್ಲ, ಡಿಸ್ಕ್ ಮಾತ್ರ ತುಂಬುತ್ತದೆ.

10 ನಿಮಿಷದ ವಿಡಿಯೊ ಒಂದೂವರೆ ತಾಸಿನದಾಗಿ ಬಂದು, ಉಳಿದದ್ದೆಲ್ಲ ಕಪ್ಪು ಪರದೆ ಆಗಿದ್ದರೆ ಟೈಮ್‌ಲೈನ್‌ನ ದೂರದ ತುದಿಯಲ್ಲಿ ಒಂದು ಚೂರು ಕ್ಲಿಪ್ ಬಿದ್ದಿರುತ್ತದೆ. 0 ಕೀ ಒತ್ತಿ, ಪೂರ್ತಿ ಟೈಮ್‌ಲೈನ್ ಪರದೆಯೊಳಗೆ ಬರುತ್ತದೆ, ಆ ಚೂರು ಕಣ್ಣಿಗೆ ಬೀಳುತ್ತದೆ.

ಬಣ್ಣ ಪೇಲವ ಆಯಿತು ಅನ್ನುವವರು ಮೊದಲು ಬೇರೆ ಪ್ಲೇಯರ್‌ನಲ್ಲಿ ನೋಡಿ. ವಿಡಿಯೊದಲ್ಲಿ ಕಪ್ಪಿನಿಂದ ಬಿಳಿಯವರೆಗಿನ ಅಳತೆ ಸಾಮಾನ್ಯವಾಗಿ 16ರಿಂದ 235, ಕಂಪ್ಯೂಟರ್ ಪರದೆಯದ್ದು 0ಯಿಂದ 255. ಮೊದಲನೆಯದನ್ನು ಎರಡನೆಯದು ಅಂತ ತಿಳಿದರೆ ಕಪ್ಪು ಬೂದು ಬಣ್ಣವಾಗುತ್ತದೆ. ಎಷ್ಟೋ ಸಲ ಎಕ್ಸ್‌ಪೋರ್ಟ್ ಸರಿಯೇ ಇರುತ್ತದೆ, ಪ್ಲೇಯರ್ ತಪ್ಪು ತಿಳಿದುಕೊಂಡಿರುತ್ತದೆ. ಧ್ವನಿ ಮಾತ್ರ ಬಂದು ಚಿತ್ರ ಬರದಿದ್ದರೂ ಹೀಗೇ. ಎಚ್.264ಕ್ಕಿಂತ ಹೊಸದಾದ ಎಚ್‌ಇವಿಸಿಯಲ್ಲಿ ಎಕ್ಸ್‌ಪೋರ್ಟ್ ಮಾಡಿದ್ದರೆ ಅದನ್ನು ಬಿಚ್ಚುವ ಕೋಡೆಕ್ ಎದುರಿನ ಕಂಪ್ಯೂಟರ್‌ನಲ್ಲಿ ಇಲ್ಲದಿರಬಹುದು. ವಿಎಲ್‌ಸಿ ಪ್ಲೇಯರ್‌ನಲ್ಲಿ ಓಡಿದರೆ ಫೈಲ್ ಚೆನ್ನಾಗಿದೆ ಅಂತಲೇ ತಿಳಿಯಿರಿ.

ಇನ್ನು ಶಾಟ್‌ಕಟ್ ಬಗ್ಗೆ ನನ್ನ ತಕರಾರು. ಲಾಗ್ ಇದೆ ಅಂತ ಇಷ್ಟು ಹೊಗಳಿದೆನಲ್ಲ, ಅದರಲ್ಲಿ ಮುಖ್ಯವಾದ ಸಾಲನ್ನು ಕೆಂಪು ಬಣ್ಣದಲ್ಲಿ ತೋರಿಸುವುದಕ್ಕೆ ಏನಾಗಿತ್ತು? ಡಿಸ್ಕ್ ತುಂಬಿದೆ ಅನ್ನುವುದನ್ನು ಮಾಮೂಲಿ ಮನುಷ್ಯನಿಗೆ ತಿಳಿಯುವ ಒಂದು ವಾಕ್ಯದಲ್ಲಿ ಹೇಳಬಹುದಿತ್ತು. ಇದ್ದ ಹಾಗೆ ಇದು ತಾಳ್ಮೆ ಇರುವವರಿಗೆ ಮಾತ್ರ ಸಿಗುವ ಸೌಲಭ್ಯ. ವಿಡಿಯೊ ಮೋಡ್ ಆಟೊಮ್ಯಾಟಿಕ್ ಇದ್ದರೆ ಮೊದಲು ಹಾಕಿದ ಕ್ಲಿಪ್‌ನ ಅಳತೆ, ಫ್ರೇಮ್ ರೇಟ್ ಇಡೀ ಪ್ರಾಜೆಕ್ಟ್‌ಗೆ ಅಂಟಿಕೊಳ್ಳುತ್ತದೆ, ಮೊದಲ ಕ್ಲಿಪ್ ಫೋನ್ ನಿಲ್ಲಿಸಿ ತೆಗೆದದ್ದಾದರೆ ಉಳಿದದ್ದೆಲ್ಲ ಉದ್ದ ಪಟ್ಟಿಯೊಳಗೆ ಸಣ್ಣಗೆ ಕೂರುತ್ತದೆ. ಶುರುವಿನಲ್ಲೇ ಮೋಡ್ ಆರಿಸಿಕೊಳ್ಳಿ. 4ಕೆ ಕ್ಲಿಪ್ ಹಾಕಿದರೆ ಪ್ರಿವ್ಯೂ ತಡವರಿಸುತ್ತದೆ, ಪ್ರಾಕ್ಸಿ (ಎಡಿಟ್‌ಗೆ ಮಾತ್ರ ಬಳಸುವ ಹಗುರ ನಕಲು) ಆನ್ ಮಾಡಬೇಕು. ಒಳ್ಳೆಯದೇನೆಂದರೆ ಪ್ರಾಕ್ಸಿ ಇಟ್ಟು ಎಡಿಟ್ ಮಾಡಿದರೂ ಎಕ್ಸ್‌ಪೋರ್ಟ್ ಮೂಲ ಕ್ಲಿಪ್‌ನಿಂದಲೇ ಆಗುತ್ತದೆ. ರೆಡಿ ಟೆಂಪ್ಲೇಟು, ಸ್ಟಿಕ್ಕರು, ಹಾಡಿಗೆ ತಕ್ಕ ಕುಣಿಯುವ ಅಕ್ಷರ ಬೇಕು ಅನ್ನುವವರು ಈ ಕಡೆ ಬರದಿರುವುದೇ ಒಳ್ಳೆಯದು, ಬೇಜಾರಾಗುತ್ತದೆ.

5ಕ್ಕೆ 4 ಕೊಡುತ್ತೇನೆ. ಕಡಿದ 1 ಆ ಲಾಗ್‌ನ ಭಾಷೆಗೆ ಮತ್ತು ಫ್ರಮ್ ಸಾಲಿಗೆ. ಇಳಿಸಿಕೊಳ್ಳುವವರು ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ವಿಂಡೋಸ್‌ಗೆ ಪೋರ್ಟಬಲ್ ಜಿಪ್ ಕೂಡ ಇದೆ, ಇನ್‌ಸ್ಟಾಲ್ ಮಾಡದೆ ಓಡಿಸಬಹುದು. ಒಂದು ಪ್ರಾಜೆಕ್ಟ್ ಅರ್ಧ ಆಗಿದ್ದಾಗ ಹೊಸ ವರ್ಷನ್ ಬಂತು ಅಂತ ತಕ್ಷಣ ಹಾರಬೇಡಿ. ಹಳೆಯದರ ಜಿಪ್ ಒಂದು ಕಡೆ ಇಟ್ಟುಕೊಂಡು, ಎಂಎಲ್‌ಟಿ ಫೈಲ್‌ನ ಒಂದು ಪ್ರತಿ ಮಾಡಿ, ಆ ಪ್ರತಿಯನ್ನು ಹೊಸದರಲ್ಲಿ ತೆರೆದು ಒಂದರ್ಧ ನಿಮಿಷ ಎಕ್ಸ್‌ಪೋರ್ಟ್ ಮಾಡಿ ನೋಡಿ. ಸರಿ ಬಂದರೆ ಮಾತ್ರ ಮುಂದುವರಿಯಿರಿ, ಹೊಸದರಲ್ಲಿ ಸೇವ್ ಮಾಡಿದ ಪ್ರಾಜೆಕ್ಟ್ ಹಳೆಯದರಲ್ಲಿ ಸರಿಯಾಗಿ ತೆರೆಯದೇ ಹೋಗಬಹುದು.